ಹುಡುಕುವ ವಿದ್ಯೆಯೂ ಗ್ರಂಥಪಾಲರೂ

ನಾನು ನಮ್ಮ ಕಾಲೇಜಿನ ಗ್ರಂಥಾಲಯದೊಳಗೆ ಮೊದಲ ಸಲ ಕಾಲಿಟ್ಟದ್ದು ಪುಸ್ತಕದ ಆಸೆಯಿಂದಲ್ಲ. ಪ್ರಥಮ ವರ್ಷದಲ್ಲಿ ನಮ್ಮ ಕೊನೆಯ ತಾಸು ಎರಡೂವರೆಗೆ ಮುಗಿಯುತ್ತಿತ್ತು. ನಮ್ಮೂರ ಕಡೆಗೆ ಹೋಗುವ ಬಸ್ಸು ನಾಲ್ಕೂವರೆಗೆ ಬರುತ್ತಿತ್ತು. ನಡುವಿನ ಎರಡು ತಾಸು ಹೆಣ್ಣುಮಕ್ಕಳು ಎಲ್ಲಿ ಕೂಡ್ರಬೇಕು? ಬಸ್ ನಿಲ್ದಾಣದಲ್ಲಿ ಕೂತರೆ ಊರವರ ಕಣ್ಣು, ಗಿಡದ ಬುಡಕ್ಕೆ ಕೂತರೆ ಬಿಸಿಲು. ಗ್ರಂಥಾಲಯದಲ್ಲಿ ಒಂದು ಪಂಖಾ ಇತ್ತು. ಆ ಪಂಖಾದ ಗಾಳಿಗಾಗಿ ನಾನು ಅಲ್ಲಿಗೆ ಹೋದೆನು. ಪ್ರಾಧ್ಯಾಪಕರ ಮುಂದೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಇಂಥ ವಿಷಯದ ಲೇಖನವನ್ನು ಸುಳ್ಳಿನಿಂದ ಆರಂಭಿಸುವುದು ಇನ್ನೂ ನಾಚಿಕೆಗೇಡು.

ನಮ್ಮ ಮನೆಯಲ್ಲಿ ಪುಸ್ತಕವೆಂದರೆ ಗೂಟಕ್ಕೆ ತೂಗುಹಾಕಿದ ಪಂಚಾಂಗ ಒಂದೇ. ಅಪ್ಪ ಮೂರನೆಯ ಇಯತ್ತೆಯವರೆಗೆ ಓದಿದವರು, ಅವ್ವ ಹೆಬ್ಬೆಟ್ಟಿನವಳು. ಆದುದರಿಂದ ಗ್ರಂಥಪಾಲರೆಂದರೆ ಕಪಾಟಿನ ಕೀಲಿಕೈ ಇಟ್ಟುಕೊಂಡು, ಕಾರ್ಡು ನೋಡಿ ಪುಸ್ತಕ ಕೊಟ್ಟು, ತಡವಾದರೆ ದಂಡ ಹಾಕುವ ಅಧಿಕಾರಿಗಳೆಂದೇ ನಾನು ತಿಳಿದಿದ್ದೆನು. ಈಗಲೂ ನಮ್ಮ ಸಹಪಾಠಿಗಳಲ್ಲಿ ಮುಕ್ಕಾಲು ಪಾಲು ಜನ ಹಾಗೆಯೇ ತಿಳಿದಿದ್ದಾರೆಂದು ನನ್ನ ಅನುಮಾನ. ಆ ಕೆಲಸವೂ ಬೇಕಾದದ್ದೇ. ಆದರೆ ಗ್ರಂಥಪಾಲರು ಕಲಿಸುವ ಒಂದು ವಿದ್ಯೆ ಬೇರೆ ಇದೆ. ಅದಕ್ಕೆ ಪಠ್ಯಪುಸ್ತಕವಿಲ್ಲ, ನಮ್ಮಲ್ಲಿ ಅದಕ್ಕೆ ಅಂಕಗಳೂ ಇಲ್ಲ. ವಿದ್ವಾಂಸರು ಅದಕ್ಕೆ ‘ಮಾಹಿತಿ ಸಾಕ್ಷರತೆ’ ಎಂಬ ಭಾರವಾದ ಹೆಸರನ್ನಿಟ್ಟಿದ್ದಾರೆ. ಬೇಕಾದ ಸಂಗತಿ ಎಲ್ಲಿ ಸಿಗುವುದೆಂದು ತಿಳಿಯುವುದು, ಸಿಕ್ಕಿದ್ದನ್ನು ತೂಗಿ ನೋಡುವುದು, ಬಳಸಿದಾಗ ಯಾರಿಂದ ಪಡೆದೆವೆಂದು ಹೇಳುವುದು, ಇಷ್ಟೇ ಅದರ ಅರ್ಥ. ಹೇಳಲಿಕ್ಕೆ ಸುಲಭ. ನನಗೆ ಅದು ಹೇಗೆ ದಕ್ಕಿತೆಂಬುದನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು.

ದ್ವಿತೀಯ ವರ್ಷದಲ್ಲಿ ಇತಿಹಾಸದ ಸೆಮಿನಾರಿಗೆ ‘ನಮ್ಮ ನೆರೆಹೊರೆಯ ಚರಿತ್ರೆ’ ಎಂಬ ವಿಷಯ ಕೊಟ್ಟಿದ್ದರು. ನಾನು ಅಣ್ಣಿಗೇರಿಯ ತಲೆಬುರುಡೆಗಳನ್ನು ಆರಿಸಿಕೊಂಡೆನು. ೨೦೧೦ರ ಆಗಸ್ಟ್ ತಿಂಗಳಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಅಗೆದಷ್ಟೂ ಹೆಚ್ಚಾಗಿ, ಕೊನೆಗೆ ಸುಮಾರು ೬೦೦ ಎಂದು ಪತ್ರಿಕೆಗಳು ಬರೆದವು. ಆಗ ಅಣ್ಣಿಗೇರಿ ನವಲಗುಂದ ತಾಲೂಕಿನಲ್ಲಿತ್ತು. ಈಗ ತಾನೇ ಒಂದು ತಾಲೂಕಾಗಿದೆ. ನಾನಾಗ ಐದು ವರ್ಷದವಳು. ನಮ್ಮ ಆಯಿ ನೋಡಿಬಂದು ಎರಡು ದಿನ ಊಟ ಬಿಟ್ಟಿದ್ದಳೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ಮೊಬೈಲಿನಲ್ಲಿ ಹುಡುಕಿದೆನು. ಎರಡೇ ನಿಮಿಷದಲ್ಲಿ ಸಿಕ್ಕಿತು: ಇವು ೧೭೯೧-೯೨ರ ಡೋಗಿ ಬರದಲ್ಲಿ ಸತ್ತವರ ತಲೆಗಳು. ಆ ಬರದಲ್ಲಿ ಹೂಳುವವರಿಲ್ಲದೆ ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುವೆಂದೂ ಅದಕ್ಕಾಗಿಯೇ ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೆ ‘ತಲೆಬುರುಡೆಯ ಬರ’ವೆಂಬ ಹೆಸರಿದೆಯೆಂದೂ ಅಲ್ಲಿ ಬರೆದಿತ್ತು. ಹೆಸರೂ ಹೊಂದಿತು, ಊರೂ ಹೊಂದಿತು. ನಾಲ್ಕು ಪುಟ ಇಳಿಸಿಕೊಂಡು, ನಡುವೆ ಕಣ್ಣೀರಿನ ಎರಡು ವಾಕ್ಯ ನನ್ನವನ್ನೂ ಸೇರಿಸಿ, ವರ್ಗದಲ್ಲಿ ಓದಿದೆನು. ಓದಿ ಮುಗಿಸಿದ ಮೇಲೆ ಪ್ರಾಧ್ಯಾಪಕರು, “ಇದನ್ನು ಎಲ್ಲಿಂದ ತೆಗೆದುಕೊಂಡಿ?” ಎಂದು ಕೇಳಿದರು. “ಗೂಗಲ್‌ದಿಂದ, ಸರ” ಎಂದೆನು. ವರ್ಗವೆಲ್ಲ ನಕ್ಕಿತು. ನಕ್ಕವರ ಹಾಳೆಗಳೂ ಅಲ್ಲಿಂದಲೇ ಬಂದಿದ್ದವೆಂಬುದು ಬೇರೆ ಮಾತು. “ಗ್ರಂಥಾಲಯಕ್ಕೆ ಹೋಗಿ ಕೇಳು, ಮುಂದಿನ ವಾರ ಮತ್ತೊಮ್ಮೆ ಓದು” ಎಂದರು.

ಹೋದೆನು. ಗ್ರಂಥಪಾಲರು ಪುಸ್ತಕ ಕೊಡಲಿಲ್ಲ. ಅರ್ಧ ಹಾಳೆ ಕಾಗದ, ಒಂದು ಪೆನ್ಸಿಲ್ಲು ಕೊಟ್ಟರು. “ನಿನಗ ಏನು ಗೊತ್ತಾಗಬೇಕಾಗೇತಿ, ಅದನ್ನ ನಿನ್ನ ಮಾತಿನ್ಯಾಗ ಬರಿ, ತಂಗಿ” ಎಂದರು. ನಾನು ‘ಅಣ್ಣಿಗೇರಿ ತಲೆಬುರುಡೆ ಮಾಹಿತಿ’ ಎಂದು ಬರೆದೆನು. ಅವರು ನೋಡಿ, “ಇದು ಪ್ರಶ್ನೆ ಅಲ್ಲವಾ, ಸಂತಿ ಚೀಟಿ” ಎಂದರು.

ಆ ದಿನ ಪುಸ್ತಕ ಮುಟ್ಟುವ ಮೊದಲು ಅರ್ಧ ತಾಸು ಬರಿಯ ಪ್ರಶ್ನೆ ಮಾಡುವುದರಲ್ಲೇ ಹೋಯಿತು. ಒಂದು ಪ್ರಶ್ನೆ ನಾಲ್ಕಾಯಿತು. ತಲೆಗಳು ಯಾವ ಕಾಲದವು? ಅವರು ಹೇಗೆ ಸತ್ತರು? ಅಲ್ಲಿ ಯಾರು, ಏಕೆ ಇಟ್ಟರು? ಡೋಗಿ ಬರ ನಮ್ಮ ಸೀಮೆಯಲ್ಲಿ ಎಂಥದಿತ್ತು? ಒಂದೊಂದು ಪ್ರಶ್ನೆಗೆ ಉತ್ತರ ಕೊಡಬಲ್ಲವರು ಬೇರೆ ಬೇರೆ. ಕಾಲವನ್ನು ಹೇಳಬೇಕಾದವರು ಪ್ರಯೋಗಾಲಯದವರು. ಸಾವಿನ ಬಗೆಯನ್ನು ಹೇಳಬೇಕಾದವರು ಎಲುಬು ಬಲ್ಲವರು. ಬರದ ಸುದ್ದಿ ಹಳೆಯ ಗ್ಯಾಸೆಟಿಯರಿನಲ್ಲಿ ಸಿಗಬೇಕು. ನಾನು ನಾಲ್ಕನ್ನೂ ಒಬ್ಬನಿಗೇ, ಅದೂ ಹೆಸರಿಲ್ಲದ ಒಬ್ಬನಿಗೆ, ಕೇಳಿದ್ದೆನು.

ಆಮೇಲೆ ಶಬ್ದಗಳು. ಬುರುಡೆ, ತಲೆಬುರುಡೆ, ಕಪಾಲ, ಅಸ್ಥಿ: ಬರೆದವರು ಯಾವ ಶಬ್ದವನ್ನು ಬಳಸಿದ್ದಾರೋ ಯಾರು ಬಲ್ಲರು, ಎಲ್ಲವನ್ನೂ ಹಾಕಿ ನೋಡಬೇಕು. ಇಂಗ್ಲಿಷಿನಲ್ಲಿ ಹುಡುಕುವಾಗ ಇನ್ನೊಂದು ತೊಡಕು. ಮುಂಬಯಿ ಇಲಾಖೆಯ ಕಾಲದವರು ಧಾರವಾಡವನ್ನು ಕೊನೆಗೆ ‘ಡಿ’ ಹಾಕದೆ ‘ಆರ್’ ಹಾಕಿ ‘ಧಾರವಾರ್’ ಎಂಬಂತೆ ಬರೆಯುತ್ತಿದ್ದರು. ೧೮೮೪ರಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ೨೨ನೆಯ ಸಂಪುಟ ನಮ್ಮ ಜಿಲ್ಲೆಯದು; ಅದರ ಬೆನ್ನಿನ ಮೇಲೆಯೂ ಅದೇ ಕಾಗುಣಿತ. ಇಂದಿನ ಕಾಗುಣಿತದಿಂದ ಹುಡುಕಿದವನಿಗೆ ತನ್ನ ಜಿಲ್ಲೆಯ ಅತ್ಯಂತ ದೊಡ್ಡ ಹಳೆಯ ಪುಸ್ತಕವೇ ತಪ್ಪಿಹೋಗಬಹುದು. ಒಂದು ಅಕ್ಷರದ ಮಾತು!

ಹೆಸರಿನ ಗೊಂದಲವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕುಂದಗೋಳದ ಸವಾಯಿ ಗಂಧರ್ವರ ಮೇಲೆ ನನ್ನ ಗೆಳತಿಯೊಬ್ಬಳು ಬರೆಯಹೊರಟು ‘ಏನೂ ಇಲ್ಲ’ ಎಂದು ಮರಳಿದಳು. ಅವರ ಮನೆಯ ಹೆಸರು ರಾಮಭಾವು ಕುಂದಗೋಳಕರ. ‘ಸ’ಕಾರದಲ್ಲಿ ಇಲ್ಲದ್ದು ‘ಕ’ಕಾರದಲ್ಲಿತ್ತು. ಬೇಂದ್ರೆಯವರ ಕವಿತೆ ಅಂಬಿಕಾತನಯದತ್ತನ ಹೆಸರಿನಲ್ಲಿರುವುದು ಎಲ್ಲರಿಗೂ ಗೊತ್ತು. ಆದರೆ ಆನಂದಕಂದರೆಂದರೆ ಬೆಟಗೇರಿ ಕೃಷ್ಣಶರ್ಮರು, ವಿನಾಯಕರೆಂದರೆ ಗೋಕಾಕರು ಎಂಬುದು ಹೊಸಬರಿಗೆ ಯಾರು ಹೇಳಬೇಕು? ನಮ್ಮ ಧಾರವಾಡದ ಕವಿಗಳು ಗ್ರಂಥಪಾಲರಿಗೆ ಕೊಟ್ಟಷ್ಟು ಕೆಲಸವನ್ನು ಬೇರೆ ಯಾರೂ ಕೊಟ್ಟಿರಲಾರರು. ಒಳ್ಳೆಯ ಗ್ರಂಥಸೂಚಿಯಲ್ಲಿ ಒಂದು ಹೆಸರಿನ ಕೆಳಗೆ ‘ಇನ್ನೊಂದನ್ನು ನೋಡಿ’ ಎಂಬ ಸೂಚನೆ ಇರುವುದು ಇದಕ್ಕಾಗಿಯೇ.

ಪುಸ್ತಕದ ಬೆನ್ನಿನ ಮೇಲಿನ ಅಂಕಿಯ ಅರ್ಥವೂ ನನಗೆ ಆಗಲೇ ತಿಳಿದದ್ದು. ಅದನ್ನು ನಾನು ಪುಸ್ತಕದ ಕ್ರಮಸಂಖ್ಯೆಯೆಂದು ತಿಳಿದಿದ್ದೆ. ಕನ್ನಡ ಸಾಹಿತ್ಯದ ಸಾಲಿನಲ್ಲೆಲ್ಲ ೮೯೪.೮೧೪ ಎಂದೇಕೆ ಇದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ೧೮೭೬ರಲ್ಲಿ ಅಮೇರಿಕೆಯ ಮೆಲ್ವಿಲ್ ಡ್ಯೂಯಿ ಎಂಬವರು ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ, ಒಂದೊಂದನ್ನು ಮತ್ತೆ ಹತ್ತು ಪಾಲು ಮಾಡಿ, ಅಂಕಿಗಳಿಂದ ಗುರುತಿಸುವ ಪದ್ಧತಿಯನ್ನು ಪ್ರಕಟಿಸಿದರು. ಅದರಲ್ಲಿ ೮೦೦ ಎಂದರೆ ಸಾಹಿತ್ಯ, ೮೯೪.೮ ದ್ರಾವಿಡ ಭಾಷೆಗಳ ಸಾಹಿತ್ಯ, ೮೯೪.೮೧೧ ತಮಿಳು, ೮೯೪.೮೧೪ ಕನ್ನಡ. ಕರ್ನಾಟಕದ ಇತಿಹಾಸಕ್ಕೆ ೯೫೪.೮೭. ಅಂಕಿ ಎಂದರೆ ಪುಸ್ತಕದ ಮನೆಯ ವಿಳಾಸ. ಓಣಿ ತಿಳಿದರೆ ಕೇಳದ ಪುಸ್ತಕಗಳೂ ಬದಿಯ ಮನೆಗಳಲ್ಲಿ ಸಿಗುತ್ತವೆ. ಒಂದು ಮಾತು ಮಾತ್ರ ನನಗೆ ಸಹನೆಯಾಗುವುದಿಲ್ಲ. ಈ ಪದ್ಧತಿಯಲ್ಲಿ ಅಮೇರಿಕೆಯ ಸಾಹಿತ್ಯಕ್ಕೆ ೮೧೦, ಇಂಗ್ಲಿಷಿಗೆ ೮೨೦, ಜರ್ಮನ್ನಿಗೆ ೮೩೦ ಎಂದು ಒಂದೊಂದು ದೊಡ್ಡ ಅಂಗಳವನ್ನೇ ಬಿಟ್ಟುಕೊಟ್ಟು, ಜಗತ್ತಿನ ಉಳಿದೆಲ್ಲ ಭಾಷೆಗಳನ್ನು ೮೯೦ ಎಂಬ ಒಂದೇ ಕೋಣೆಯಲ್ಲಿ ತುಂಬಿದ್ದಾರೆ. ಪಂಪನ ಕಾಲಕ್ಕೆ ಇಂಗ್ಲಿಷಿನ ಇಂದಿನ ರೂಪವೇ ಹುಟ್ಟಿರಲಿಲ್ಲ. ಆದರೂ ನಮಗೆ ಆರು ಅಂಕಿಯ ಸಂದಿ! ಇದನ್ನು ಹೇಳಿದಾಗ ಗ್ರಂಥಪಾಲರು ನಕ್ಕು, “ಹಾದಿ ತೋರಿಸೋ ಕಲ್ಲು ಯಾರು ನೆಟ್ಟಾರಂತನೂ ನೋಡಬೇಕು” ಎಂದರು.

ಇನ್ನೊಂದನ್ನು ಹೇಳಿದರೆ ಪ್ರಾಧ್ಯಾಪಕರಿಗೆ ಆಶ್ಚರ್ಯವಾದೀತು. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇರುತ್ತದೆಂಬುದು ಬಿ.ಎ. ಎರಡನೆಯ ವರ್ಷದವರೆಗೆ ನನಗೆ ಗೊತ್ತಿರಲಿಲ್ಲ. ಗೈಡುಗಳಲ್ಲಿ ಅದು ಇರುವುದಿಲ್ಲವಲ್ಲ! ನೂರಾರು ಪುಟಗಳ ಗ್ಯಾಸೆಟಿಯರನ್ನು ಕಂಡು ಹೆದರಿ ನಿಂತವಳಿಗೆ ಅವರು ಅದನ್ನು ಹಿಂದಿನಿಂದ ತೆರೆಯಲು ಕಲಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ೧೮೯೪ರ ಕಿಟ್ಟೆಲ್ಲರ ನಿಘಂಟು, ಇವು ಓದುವ ಪುಸ್ತಕಗಳಲ್ಲ, ಕೇಳುವ ಪುಸ್ತಕಗಳು. ಎದ್ದು ಹೋಗಿ ಒಂದು ಮಾತು ಕೇಳಿ ಬರಬೇಕು. ತಂದೆ ತಾಯಿ ಓದಿದವರಾಗಿದ್ದರೆ ಇಂಥವು ಮನೆಯಲ್ಲಿ ಊಟ ಮಾಡುತ್ತ ಕೂತಾಗಲೇ ಕಿವಿಗೆ ಬೀಳುತ್ತವೆ. ನಮ್ಮಂಥವರಿಗೆ ಯಾರಾದರೂ ಹೇಳಿಯೇ ತಿಳಿಯಬೇಕು.

ಈಗ ತಲೆಬುರುಡೆಗಳಿಗೆ ಮರಳೋಣ. ನನ್ನ ನಾಲ್ಕು ಪುಟಗಳನ್ನು ಮುಂದಿಟ್ಟುಕೊಂಡು ಗ್ರಂಥಪಾಲರು ಮೂರೇ ಮಾತು ಕೇಳಿದರು: “ಯಾರು ಹೇಳ್ಯಾರ? ಯಾವಾಗ ಹೇಳ್ಯಾರ? ಅವರಿಗೆ ಹ್ಯಾಂಗ ಗೊತ್ತಾತು?” ಯಾರೆಂಬುದಕ್ಕೆ ಹೆಸರಿರಲಿಲ್ಲ. ಯಾವಾಗ ಎಂಬುದನ್ನು ಹುಡುಕಿದೆವು. ಆ ಬರವಣಿಗೆಯ ಮೂಲ ಬುರುಡೆಗಳು ಸಿಕ್ಕ ಹೊಸ ದಿನಗಳ ಸುದ್ದಿಯಾಗಿತ್ತು. ಆಗ ಇನ್ನೂ ಯಾವ ಪರೀಕ್ಷೆಯೂ ಆಗಿರಲಿಲ್ಲ. ಬರವೆಂದು ಕೆಲವರು, ಯುದ್ಧವೆಂದು ಕೆಲವರು ಊಹಿಸಿದ್ದರು. ಊಹೆ ಮಾಡಿದವರದು ತಪ್ಪಲ್ಲ. ಊಹೆಯನ್ನು ಊಹೆಯೆಂದೇ ಅವರು ಹೇಳಿದ್ದರು. ನಂತರ ಒಬ್ಬರಿಂದೊಬ್ಬರು ಇಳಿಸಿಕೊಂಡವರು ‘ಇರಬಹುದು’ ಎಂಬ ಒಂದು ಶಬ್ದವನ್ನು ದಾರಿಯಲ್ಲಿ ಬೀಳಿಸಿದರು. ನಾನು ಕೊನೆಯವಳು.

ಮುಂದೆ ಏನಾಯಿತೆಂದು ನೋಡಿದಾಗ ಕಥೆ ಬದಲಾಯಿತು. ಬುರುಡೆಗಳ ಮಾದರಿಯನ್ನು ಭುವನೇಶ್ವರದ ಭೌತಶಾಸ್ತ್ರ ಸಂಸ್ಥೆಯಲ್ಲಿ ಇಂಗಾಲದ ಪರೀಕ್ಷೆಗೆ ಒಳಪಡಿಸಲಾಗಿ, ಅವು ಸುಮಾರು ೬೩೮ ವರ್ಷಗಳಷ್ಟು ಹಳೆಯವು, ೬೦ ವರ್ಷ ಹೆಚ್ಚುಕಡಿಮೆ, ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಜೀವವಿರುವ ತನಕ ದೇಹವು ಆಹಾರದಿಂದ ಇಂಗಾಲವನ್ನು ಪಡೆಯುತ್ತಿರುತ್ತದೆ. ಅದರಲ್ಲಿ ಇಂಗಾಲ-೧೪ ಎಂಬ ಬಗೆಯೂ ಚೂರು ಇರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಸುಮಾರು ೫,೭೩೦ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವ ಲೆಕ್ಕದಲ್ಲಿ ಕರಗುತ್ತ ಹೋಗುತ್ತದೆ. ಉಳಿದಷ್ಟನ್ನು ಅಳೆದರೆ ಕಾಲ ತಿಳಿಯುತ್ತದೆ. ಆ ಅಂಕಿಯಂತೆ ಹೋದರೆ ಈ ತಲೆಗಳು ಹದಿನಾಲ್ಕನೆಯ ಶತಮಾನದ ಆಚೀಚಿನವು. ಡೋಗಿ ಬರಕ್ಕೂ ಇವಕ್ಕೂ ನಾಲ್ಕುನೂರು ವರ್ಷಗಳ ಅಂತರ! ನಾನು ವರ್ಗದ ಮುಂದೆ ಅತ್ತದ್ದು ಬೇರೆ ಯಾರಿಗೋ.

ಹೊಸ ಸಂಗತಿ ಸಿಕ್ಕಿತೆಂದು ನಾನು ಹಿಗ್ಗಿದರೆ ಅಲ್ಲಿಗೂ ಬಿಡಲಿಲ್ಲ. ನೀನು ನೋಡಿದ್ದು ಪ್ರಯೋಗಾಲಯದ ವರದಿಯೋ, ವರದಿಯ ಮೇಲಿನ ಸುದ್ದಿಯೋ ಎಂದು ಕೇಳಿದರು. ಸುದ್ದಿಯಾಗಿತ್ತು. ‘ಹಾಗಾದರೆ ಪತ್ರಿಕೆಗಳು ವರದಿ ಮಾಡಿದಂತೆ ಎಂದು ಬರೆ’ ಎಂದರು; ಆದುದರಿಂದಲೇ ಮೇಲೆ ಹಾಗೆ ಬರೆದಿದ್ದೇನೆ. ‘೬೦ ವರ್ಷ ಹೆಚ್ಚುಕಡಿಮೆ’ ಎಂಬುದನ್ನೂ ಬಿಡಗೊಡಲಿಲ್ಲ. ಅಲ್ಲದೆ ಕಾಲ ತಿಳಿದ ಮಾತ್ರಕ್ಕೆ ಕೊಂದವರು ತಿಳಿದಂತಾಗಲಿಲ್ಲ. ಇಂಗಾಲವು ವರುಷವನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. ಎರಡನೆಯ ಸಲ ಓದಿದ ನನ್ನ ಪ್ರಬಂಧ ನಾಲ್ಕು ಪುಟದ ಬದಲು ಎರಡೂವರೆ ಪುಟವಾಯಿತು.

ಅಣ್ಣಿಗೇರಿಯದೇ ಇನ್ನೊಂದು ಮಾತು. ಪಂಪ ಅಣ್ಣಿಗೇರಿಯಲ್ಲಿ ಹುಟ್ಟಿದನೆಂದು ನಾವೆಲ್ಲ ಒಂದು ಅಂಕಕ್ಕಾಗಿ ಬರೆದಿದ್ದೇವೆ. ಅದು ಎಲ್ಲಿಂದ ಬಂತು? ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಶಾಸನವೊಂದಿದೆ. ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದರಿಂದ ತಿಳಿಯುತ್ತದೆ. ತಂದೆಯ ಕಡೆಯವರು ವೆಂಗಿಯ ಸೀಮೆಯವರು. ಅಂದರೆ ಶಾಸನ ಹೇಳುವುದು ತಾಯಿಯ ಮನೆತನದ ಊರನ್ನು. ಚೊಚ್ಚಲು ಬಾಣಂತನ ತವರಿನಲ್ಲಿ ಆಗುವುದು ನಮ್ಮ ಕಡೆಯ ವಾಡಿಕೆ. ಆದುದರಿಂದ ಕವಿ ಹುಟ್ಟಿದ್ದೂ ಅಲ್ಲಿಯೇ ಎಂಬುದು ತಕ್ಕ ಊಹೆ. ಊರಿನ ಹೆಮ್ಮೆಗೆ ಇದರಿಂದ ಕುಂದೇನೂ ಇಲ್ಲ. ಆದರೆ ಕಲ್ಲಿನಲ್ಲಿ ಇದ್ದದ್ದು ಎಷ್ಟು, ನಾವು ಕೂಡಿಸಿದ್ದು ಎಷ್ಟು ಎಂಬ ಗೆರೆಯನ್ನು ನಾನು ನೋಡಿದ್ದು ಮೊದಲ ಸಲ. ಮೂರು ವರ್ಷ ಕನ್ನಡ ಸಾಹಿತ್ಯ ಓದಿಯೂ, ಇದನ್ನು ಕಲಿತದ್ದು ಪಂಖಾದ ಕೆಳಗೆ.

ಗ್ರಂಥಪಾಲರು ಹೀಗೆ ಪಾಠ ಹೇಳುವುದು ನಮ್ಮ ಕಾಲೇಜಿನ ವಿಚಿತ್ರವಲ್ಲ. ಅದಕ್ಕೊಂದು ಪರಂಪರೆ ಇದೆ. ಶಿಯಾಳಿ ರಾಮಾಮೃತ ರಂಗನಾಥನ್ (೧೮೯೨-೧೯೭೨) ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೆಲಸವಿಲ್ಲದೆ ಬೇಸರಗೊಂಡು ಕೆಲವೇ ದಿನಗಳಲ್ಲಿ ಮರಳಿ ವರ್ಗಕ್ಕೆ ಹೋಗಬಯಸಿದ್ದರಂತೆ! ಲಂಡನ್ನಿಗೆ ಅಭ್ಯಾಸಕ್ಕೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಕಂಡ ಮೇಲೆ ಮನಸ್ಸು ತಿರುಗಿತು. ೧೯೩೧ರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗೆ, ಕಾಯ್ದಿಡುವುದಕ್ಕಲ್ಲ ಎಂಬುದು ಮೊದಲನೆಯದರ ಸಾರ. ನಮಗೆ ಹೆಚ್ಚು ಸಂಬಂಧಪಟ್ಟದ್ದು ಅವರು ಓದುಗರ ಸೇವೆಯನ್ನು ವಿಭಾಗಿಸಿದ ಬಗೆ. ಕ್ಷಣದಲ್ಲಿ ಹೇಳಬಹುದಾದ ಉತ್ತರಗಳು ಒಂದು, ದಿನಗಟ್ಟಲೆ ಹುಡುಕಬೇಕಾದವು ಇನ್ನೊಂದು; ಅವೆಲ್ಲಕ್ಕೂ ಮುಂಚೆ ಹೊಸದಾಗಿ ಬಂದವರಿಗೆ ಗ್ರಂಥಾಲಯದ ದೀಕ್ಷೆ ಕೊಡುವುದನ್ನೇ ಅವರು ಒಂದು ಸೇವೆಯಾಗಿ ಎಣಿಸಿದ್ದರು. ಗಣಿತದ ಪ್ರಾಧ್ಯಾಪಕರು ಗ್ರಂಥಾಲಯದಲ್ಲಿಯೂ ಪ್ರಾಧ್ಯಾಪಕರಾಗಿಯೇ ಉಳಿದರೆನ್ನಬಹುದು. ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವೊಂದನ್ನು ಅವರೇ ಕಟ್ಟಿದರು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಶಾಸ್ತ್ರದ ಶಿಕ್ಷಣ ಆರಂಭವಾದದ್ದೂ ೧೯೬೨ರಲ್ಲಿಯೇ. ಅಲ್ಲಿಯ ಗ್ರಂಥಾಲಯಕ್ಕೆ ಪ್ರೊ. ಶಿ. ಶಿ. ಬಸವನಾಳರ ಹೆಸರಿದೆ.

ಅದೇ ವರ್ಷಗಳಲ್ಲಿ, ೧೯೬೦ರಿಂದ ೬೨ರವರೆಗೆ, ಅಮೇರಿಕೆಯ ಡೆಟ್ರಾಯಿಟಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ಮಾಂಟೀತ್ ಕಾಲೇಜಿನಲ್ಲಿ ಪ್ಯಾಟ್ರೀಷಿಯಾ ನ್ಯಾಪ್ ಎಂಬವರು ಒಂದು ಪ್ರಯೋಗ ನಡೆಸಿದರು. ವರ್ಷಾರಂಭದಲ್ಲಿ ಒಮ್ಮೆ ಹುಡುಗರನ್ನು ಸಾಲಾಗಿ ಕರೆದೊಯ್ದು ಕಪಾಟು ತೋರಿಸಿದರೆ ಏನೂ ಆಗದು. ಗ್ರಂಥಾಲಯದ ಪಾಠವನ್ನು ವಿಷಯದ ಪಾಠದೊಳಗೇ ಹೆಣೆಯಬೇಕು ಎಂಬುದು ಅದರ ತಿರುಳು. ಹಾಗೆ ಹೆಣೆಯಲು ಪ್ರಾಧ್ಯಾಪಕರ ಮನಸ್ಸು ಕೂಡಬೇಕು. ನನ್ನ ಅನುಭವವೂ ಅಷ್ಟೇ: ವರ್ಗದಲ್ಲಿ ಆ ಒಂದು ಪ್ರಶ್ನೆ ಕೇಳದಿದ್ದರೆ ನಾನು ಗ್ರಂಥಪಾಲರ ಮೇಜಿನವರೆಗೆ ಹೋಗುತ್ತಲೇ ಇರಲಿಲ್ಲ. ‘ಮಾಹಿತಿ ಸಾಕ್ಷರತೆ’ ಎಂಬ ಹೆಸರು ಬಂದದ್ದು ಇನ್ನೂ ತಡವಾಗಿ, ೧೯೭೪ರಲ್ಲಿ. ಅದನ್ನು ಬಳಸಿದ ಪಾಲ್ ಝುರ್ಕೋವ್ಸ್ಕಿ ಗ್ರಂಥಪಾಲರಲ್ಲ, ಮಾಹಿತಿ ಉದ್ಯಮಗಳ ಸಂಘದ ಅಧ್ಯಕ್ಷರು. ಅವರ ಕಣ್ಣು ಉದ್ಯೋಗದ ಮೇಲಿತ್ತು. ಇರಲಿ, ಹೆಸರು ಎಲ್ಲಿಂದಲಾದರೂ ಬರಲಿ.

ಈ ವಿದ್ಯೆ ಸೆಮಿನಾರಿಗೆ ಮಾತ್ರ ಬೇಕಾದದ್ದೆಂದು ಯಾರಾದರೂ ತಿಳಿದಾರು. ಅದಕ್ಕಾಗಿ ಮನೆಯ ಮಾತೊಂದನ್ನು, ಸಂಕೋಚದಿಂದಲೇ, ಹೇಳುತ್ತೇನೆ. ನಾನು ಪ್ರಥಮ ವರ್ಷದಲ್ಲಿದ್ದಾಗ ಅಪ್ಪನ ಮೊಬೈಲಿಗೆ ವಾಟ್ಸಪ್ಪಿನಲ್ಲಿ ಒಂದು ಸಂದೇಶ ಬಂತು. ಬೆಳೆ ವಿಮೆಯ ಕಂತು ತುಂಬುವ ಕೊನೆಯ ದಿನವನ್ನು ಮುಂದೂಡಲಾಗಿದೆ ಎಂದಿತ್ತು. ಮೇಲೆ ಸರಕಾರದ ಮುದ್ರೆಯ ಚಿತ್ರವೂ ಇತ್ತು. ಅಪ್ಪನಿಗೆ ಅದನ್ನು ಓದಿ ಹೇಳಿದವಳು ನಾನೇ. ಕಾಲೇಜು ಕಲಿಯುವ ಮಗಳು ಓದಿ ಹೇಳಿದ ಮೇಲೆ ಇನ್ನೇನು ಸಂಶಯ? ಹೊಲದ ಕೆಲಸ ಮುಗಿಸಿಕೊಂಡು ಮುಂದಿನ ವಾರ ಹೋದರೆ ಆಯಿತೆಂದು ಬಿಟ್ಟರು. ಹೋದಾಗ ಕಾಲ ಮೀರಿತ್ತು. ಆ ವರ್ಷ ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು, ಕಾಯಿ ಗಿಡದ ಮೇಲೆಯೇ ಮೊಳಕೆಯೊಡೆದವು. ಅಪ್ಪ ನನ್ನನ್ನು ಬೈಯಲಿಲ್ಲ. “ಅಕ್ಷರಾನೂ ಸುಳ್ಳು 
ಹೇಳತಾವಂತ ನಮಗೇನು ಗೊತ್ತು” ಎಂದರು ಅಷ್ಟೇ.

ಹೋದ ವರ್ಷ ಅದೇ ತರದ ಸಂದೇಶ ಮತ್ತೆ ಬಂತು. ಈ ಸಲ ನಾನು ಓದಿ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿದೆನು. ಯಾರು? ಕೆಳಗೆ ಅಧಿಕಾರಿಯ ಹುದ್ದೆಯಿರಲಿಲ್ಲ. ಯಾವಾಗ? ತಿಂಗಳು ಇತ್ತು, ಇಸವಿ ಇರಲಿಲ್ಲ. ಹೇಗೆ ಗೊತ್ತು? ಆದೇಶದ ಸಂಖ್ಯೆಯಿರಲಿಲ್ಲ. ಮರುದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹಲಗೆಯ ಮೇಲಿನ ಪ್ರಕಟಣೆಯನ್ನು ನೋಡಿದೆನು. ಕೊನೆಯ ದಿನ ಎಲ್ಲ ಬೆಳೆಗಳಿಗೂ ಒಂದೇ ಅಲ್ಲ, ಬೆಳೆಗೊಂದು ಇರುತ್ತದೆಂಬುದು ಆಗ ತಿಳಿಯಿತು. ಅಪ್ಪ ಎರಡು ದಿನ ಮುಂಚಿತವಾಗಿಯೇ ಕಂತು ತುಂಬಿದರು. ಮುಂಗಾರಿನ ಆಹಾರ ಧಾನ್ಯಗಳಿಗೆ ರೈತನ ಪಾಲು ವಿಮೆಯ ಮೊತ್ತದ ನೂರಕ್ಕೆ ಎರಡು ರೂಪಾಯಿ ಮಾತ್ರ. ಎರಡು ರೂಪಾಯಿಯ ಕೆಲಸವನ್ನು ಒಂದು ಇಸವಿ ನೋಡದ್ದಕ್ಕಾಗಿ ನಾವು ಕಳೆದುಕೊಂಡಿದ್ದೆವು.

ಈಗ ಕೇಳಿದ್ದಕ್ಕೆಲ್ಲ ತೊಡಕಿಲ್ಲದೆ ಕನ್ನಡದಲ್ಲಿಯೇ ಉತ್ತರಿಸುವ ಯಂತ್ರಗಳೂ ಬಂದಿವೆ. ನಮ್ಮ ಗ್ರಂಥಪಾಲರು ಅವನ್ನು ಬೇಡವೆನ್ನುವುದಿಲ್ಲ. ಅದು ಹೇಳಿದ ಪುಸ್ತಕದ ಹೆಸರನ್ನು ಗ್ರಂಥಸೂಚಿಯಲ್ಲಿ ಹುಡುಕಿ, ಅಂಥ ಪುಸ್ತಕ ಲೋಕದಲ್ಲಿ ಇದೆಯೋ ಇಲ್ಲವೋ ನೋಡಿ ಬಾ ಎನ್ನುತ್ತಾರೆ. ನಮ್ಮ ವರ್ಗದವನೊಬ್ಬ ಹಾಗೆ ಹೋಗಿ ಐದರಲ್ಲಿ ಎರಡು ಪುಸ್ತಕಗಳು ಹುಟ್ಟಿಯೇ ಇಲ್ಲವೆಂದು ಕಂಡು ಬಂದನು.

ಇನ್ನು ನಮ್ಮ ಸ್ಥಿತಿ. ಪುಸ್ತಕ ಕೊಡುವವರು, ಬರೆದಿಡುವವರು, ಪರೀಕ್ಷೆಯ ಕಾಲಕ್ಕೆ ಕೋಣೆಯ ಮೇಲ್ವಿಚಾರಣೆಗೆ ಹೋಗುವವರು ಎಲ್ಲರೂ ಒಬ್ಬರೇ. ಗಣಕಯಂತ್ರ ಎರಡು, ವಿದ್ಯುತ್ತು ಇದ್ದಾಗ ಮಾತ್ರ. ಹಾಗಿದ್ದರೂ ಸೌಕರ್ಯಗಳು ಇಲ್ಲವೆನ್ನುವ ಹಾಗಿಲ್ಲ. ಕಾಲೇಜುಗಳಿಗೆ ವಿದ್ಯುನ್ಮಾನ ಪುಸ್ತಕ, ಪತ್ರಿಕೆಗಳನ್ನು ಒದಗಿಸುವ ಎನ್-ಲಿಸ್ಟ್ ಯೋಜನೆ ೨೦೧೦ರಲ್ಲಿಯೇ ಬಂದಿತು. ಖರಗಪುರದ ಐ.ಐ.ಟಿ.ಯವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ೨೦೧೮ರಿಂದ ಎಲ್ಲರಿಗೂ ತೆರೆದಿದೆ. ಅಲ್ಲಿರುವುದರಲ್ಲಿ ಬಹುಪಾಲು ಇಂಗ್ಲಿಷಿನದು, ಕನ್ನಡ ಮಾಧ್ಯಮದಿಂದ ಬಂದವರಿಗೆ ಕಬ್ಬಿಣದ ಕಡಲೆ. ಆದರೂ ಬಾಗಿಲಿದೆ ಎಂಬುದಾದರೂ ತಿಳಿಯಬೇಕಲ್ಲ. ನಮ್ಮ ವರ್ಗದಲ್ಲಿ ಅದರ ಸಂಕೇತಶಬ್ದ ಪಡೆದವರು ಎಷ್ಟು ಜನವೆಂದು ಕೇಳಿದೆನು. ಏಳು ಕೈ ಎದ್ದವು.

ಪ್ರಾಧ್ಯಾಪಕರಲ್ಲಿ ನನ್ನ ವಿನಂತಿ ಒಂದೇ. ವೇಳಾಪತ್ರಿಕೆಯಲ್ಲಿ ವಾರಕ್ಕೊಂದು ತಾಸು ಗ್ರಂಥಾಲಯದ್ದೆಂದು ಬರೆದಿದೆ. ಅದು ಬೇರೆ ಪಾಠಗಳ ಬಾಕಿ ತೀರಿಸಲು ಹೋಗುತ್ತಿದೆ. ಅದನ್ನು ಗ್ರಂಥಪಾಲರಿಗೇ ಬಿಡಬೇಕು. ಸೆಮಿನಾರಿನ ವಿಷಯಗಳನ್ನು ಕೊಡುವ ಮೊದಲು ಅವರೊಡನೆ ಒಂದು ಮಾತಾಡಿದರೆ, ಯಾವುದಕ್ಕೆ ನಮ್ಮಲ್ಲಿ ಪುಸ್ತಕವಿದೆ, ಯಾವುದಕ್ಕೆ ಧಾರವಾಡಕ್ಕೆ ಹೋಗಬೇಕು ಎಂಬುದು ಮೊದಲೇ ತಿಳಿದೀತು. ಸಹಪಾಠಿಗಳಿಗೆ ಹೇಳುವುದು: ಅವರು ಮಧ್ಯಾಹ್ನ ಮೂರರ ಮೇಲೆ ತುಸು ಬಿಡುವಾಗಿರುತ್ತಾರೆ. ಹೋಗುವಾಗ ಪ್ರಶ್ನೆಯನ್ನು ಬರೆದುಕೊಂಡು ಹೋಗಿರಿ. ಸಂತೆಯ ಚೀಟಿ ಬೇಡ.

ನನ್ನ ಎರಡೂವರೆ ಪುಟದ ಪ್ರಬಂಧವನ್ನು ಪತ್ರಿಕೆಯ ತುಣುಕುಗಳೊಡನೆ ಒಂದು ಫೈಲು ಮಾಡಿ ಅವರು ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಈ ವರ್ಷ ಪ್ರಥಮ ವರ್ಷದ ಹುಡುಗಿಯೊಬ್ಬಳು ಅದನ್ನು ತೆಗೆಸಿ ಓದಿದಳಂತೆ. ಮೊನ್ನೆ ನೋಡಿದರೆ ಎರಡನೆಯ ಪುಟದ ಅಂಚಿನಲ್ಲಿ, ಡೋಗಿ ಬರದಲ್ಲಿ ನಮ್ಮ ಊರು ಅರ್ಧ ಬರಿದಾಯಿತೆಂದು ನಾನು ಬರೆದ ಕಡೆ, ಪೆನ್ಸಿಲ್ಲಿನಿಂದ ಸಣ್ಣಗೆ ‘ಇದಕ್ಕೆ ಆಧಾರ?’ ಎಂದು ಬರೆದಿದ್ದಾಳೆ. ಅದನ್ನು ನಾನು ಆಯಿಯ ಬಾಯಿಂದ ಕೇಳಿದ್ದು, ಹಾಗೆಂದು ಹೇಳದೆ ಬರೆದುಬಿಟ್ಟಿದ್ದೆನು. ಗ್ಯಾಸೆಟಿಯರನ್ನು ಹಿಂದಿನಿಂದ ತೆರೆದು ಮತ್ತೆ ಹುಡುಕುತ್ತಿದ್ದೇನೆ. ಪರೀಕ್ಷೆಗೆ ಮುಂಚೆ ಸಿಕ್ಕರೆ ಪುಟದ ಸಂಖ್ಯೆಯನ್ನು, ಸಿಗದಿದ್ದರೆ ‘ಆಯಿ ಹೇಳಿದ್ದು’ ಎಂದು, ಅದೇ ಅಂಚಿನಲ್ಲಿ ಬರೆದಿಟ್ಟು ಹೋಗುವೆನು.